ರಾಗಿ ಮೊಳಕೆ ಹಿಟ್ಟಿನ ಕಿರು ಉದ್ದಿಮೆ: ಮಾಲೀಕರಾಗುವ ಮುನ್ನ ಹಾಕಬೇಕಾದ ಲೆಕ್ಕ

ಒಂದು ಕಿಲೋ ರಾಗಿಯನ್ನು ಕಣದಲ್ಲಿ ಮಾರಿದರೆ ದೊರೆಯುವ ಬೆಲೆಗೂ, ಅದೇ ರಾಗಿ ಮೊಳಕೆಯೊಡೆದು, ಹಿಟ್ಟಾಗಿ, ಅಂಗಡಿಯಲ್ಲಿ ಪೊಟ್ಟಣವಾಗಿ ನಿಂತಾಗ ಗ್ರಾಹಕರು ಕೊಡುವ ಬೆಲೆಗೂ ಎರಡು-ಮೂರು ಪಟ್ಟು ಅಂತರವಿರುತ್ತದೆ. ಈ ಅಂತರವನ್ನು ಕಂಡೇ ಅನೇಕ ರೈತ ಕುಟುಂಬಗಳು ಕಿರು ಉದ್ದಿಮೆಯ ಕಡೆಗೆ ಹೆಜ್ಜೆ ಇಡುತ್ತಿವೆ. ಹೆಜ್ಜೆ ತಪ್ಪಲ್ಲ. ಆದರೆ ಆ ಅಂತರವೆಲ್ಲವೂ ಲಾಭವಲ್ಲ. ಅದರ ಬಹುಪಾಲು ಬೇರೆ ಬೇರೆ ಬಾಬ್ತುಗಳಿಗೆ ಹಂಚಿಹೋಗುತ್ತದೆ. ಉಳಿದದ್ದು ಮಾತ್ರ ಮಾಲೀಕರದು. ಉಳಿಯದಿದ್ದರೆ ಆ ನಷ್ಟವೂ ಮಾಲೀಕರದೇ.

ಈ ಲೇಖಕನು ಬೇಸಾಯಶಾಸ್ತ್ರದ ವಿದ್ಯಾರ್ಥಿ. ಮೌಲ್ಯವರ್ಧನೆಯ ಶಿಬಿರಗಳಲ್ಲಿ ಬಹುಕಾಲ ತಳಿ, ಇಳುವರಿ, ತಯಾರಿಕೆಯ ವಿಧಾನಗಳನ್ನೇ ವಿವರಿಸಿ, ಯಾರು ಕೊಳ್ಳುತ್ತಾರೆ, ಹಣ ಎಂದು ಬರುತ್ತದೆ ಎಂಬ ಪ್ರಶ್ನೆಗಳನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳಿದ್ದುಂಟು. ಆ ಕೊರತೆಯನ್ನು ಇಲ್ಲಿ ತುಂಬುವ ಪ್ರಯತ್ನ ಮಾಡಲಾಗಿದೆ.

ಪದಾರ್ಥದ ಸ್ವಭಾವ

ರಾಗಿಯು ಉದ್ದಿಮೆಗೆ ಅನುಕೂಲಕರವಾದ ಧಾನ್ಯ. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ. ಕೊಬ್ಬಿನಂಶ ಕಡಿಮೆಯಾದ್ದರಿಂದ ಸಜ್ಜೆಯ ಹಿಟ್ಟಿನಂತೆ ಬೇಗನೆ ಕಮಟು ಬರುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿರುವುದು ಅದರ ಮಾರುಕಟ್ಟೆಯ ಬಲ. ಮೊಳಕೆಯೊಡೆದಾಗ ಕಾಳಿನಲ್ಲಿ ಉಂಟಾಗುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ತೆಳುವಾಗುತ್ತದೆ. ಅದೇ ತೆಳುವಿನಲ್ಲಿ ಹೆಚ್ಚು ಹಿಟ್ಟು ಸೇರಿಸಬಹುದಾದ್ದರಿಂದ ಮಕ್ಕಳ ಆಹಾರಕ್ಕೆ ಇದು ಒಪ್ಪುತ್ತದೆ.

ತಯಾರಿಕೆ ಸರಳವಾಗಿ ಕಂಡರೂ ಎರಡು ಹಂತಗಳಲ್ಲಿ ಎಡವುವವರೇ ಹೆಚ್ಚು. ಮೊದಲನೆಯದು ಒಣಗಿಸುವಿಕೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಎರಡು ದಿನ ಮೊಳಕೆ ಬರಿಸಿದ ಕಾಳನ್ನು ಮಳೆಗಾಲದಲ್ಲಿ ಬಿಸಿಲು ನಂಬಿ ಹರಡಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಳನ್ನು ಹುರಿದು ವಾಸನೆ ಮರೆಸಿ ಬೀಸುವುದು ಸಲ್ಲದು. ಅದನ್ನು ತಿನ್ನುವುದು ಮಗು ಎಂಬುದು ನೆನಪಿರಲಿ. ವರ್ಷವಿಡೀ ತಯಾರಿಸುವ ಉದ್ದೇಶವಿದ್ದರೆ ಡ್ರೈಯರ್ ಅನಿವಾರ್ಯ. ಇಲ್ಲವೇ ಮಳೆಯ ತಿಂಗಳುಗಳಲ್ಲಿ ತಯಾರಿಕೆ ನಿಲ್ಲಿಸಿ, ಆ ತಿಂಗಳುಗಳಿಗೆ ಆದಾಯವಿಲ್ಲವೆಂದೇ ಲೆಕ್ಕ ಹಾಕತಕ್ಕದ್ದು. ಎರಡನೆಯದು ಬೀಸುವಿಕೆ. ಊರಿನ ಗಿರಣಿಯಲ್ಲಿ ಕೂಲಿ ಕೊಟ್ಟು ಬೀಸಿಸುವುದು ಆರಂಭಕ್ಕೆ ಒಳ್ಳೆಯ ದಾರಿ. ಆದರೆ ನಮ್ಮ ಸರದಿಗೆ ಮೊದಲು ಅಲ್ಲಿ ಮೆಣಸಿನಕಾಯಿ ಬೀಸಿದ್ದರೆ ಇಡೀ ತಿಂಗಳ ಗಿರಾಕಿಗಳನ್ನು ಒಂದೇ ದಿನದಲ್ಲಿ ಕಳೆದುಕೊಳ್ಳಬಹುದು.

ಒಂದು ತಿಂಗಳ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಸೇರಿಸಿಕೊಂಡು ಮತ್ತೆ ಲೆಕ್ಕ ಮಾಡಿಕೊಳ್ಳಬೇಕು.

ಒಂದು ಕುಟುಂಬವು ತಿಂಗಳಿಗೆ ತಾನೇ ಬೆಳೆದ 5 ಕ್ವಿಂಟಾಲ್ ರಾಗಿಯನ್ನು ಹಿಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಕಸಕಡ್ಡಿ, ಮೊಳಕೆಯ ಬೇರು, ಬೀಸುವಾಗಿನ ನಷ್ಟ ಕಳೆದು ನೂರಕ್ಕೆ 85ರಷ್ಟು ಹಿಟ್ಟು ಬಂದರೆ 425 ಕಿಲೋ, ಅಂದರೆ ಅರ್ಧ ಕಿಲೋದ 850 ಪೊಟ್ಟಣಗಳು. ಪೊಟ್ಟಣದ ಮುದ್ರಿತ ಬೆಲೆ 60 ರೂಪಾಯಿ. ಅಂಗಡಿಯವರು ನೂರಕ್ಕೆ 20 ಇಟ್ಟುಕೊಂಡರೆ ಕೈಗೆ ಬರುವುದು 48 ರೂಪಾಯಿ. ಒಟ್ಟು ಆದಾಯ 40,800 ರೂಪಾಯಿ.

ಕೈಯಿಂದ ಹೋಗುವ ಹಣ: ಪೊಟ್ಟಣ ಮತ್ತು ಚೀಟಿಗೆ 4,250, ಕೂಲಿಗೆ 8,000, ವಿದ್ಯುತ್ತು ಹಾಗೂ ಉರುವಲಿಗೆ 3,000, ಸಾಗಣೆಗೆ 2,500, ಸಾಲದ ಬಡ್ಡಿಗೆ 1,800. ಒಟ್ಟು 19,550 ರೂಪಾಯಿ. ಪೆಟ್ಟಿಗೆಯಲ್ಲಿ 21,250 ರೂಪಾಯಿ ಉಳಿಯಿತು; ಮನೆಯವರಿಗೆ ಸಂತೋಷ.

ಈಗ ಬಿಟ್ಟುಹೋದ ಬಾಬ್ತುಗಳನ್ನು ನೋಡೋಣ. ಮನೆಯ ರಾಗಿ ಪುಕ್ಕಟೆಯಲ್ಲ. ಕಿಲೋಗೆ 45 ರೂಪಾಯಿಯಂತೆ ಮಾರಬಹುದಾಗಿದ್ದ 22,500 ರೂಪಾಯಿ ಅದರೊಳಗಿದೆ. ಮನೆಯ ಕೊಟ್ಟಿಗೆಗೂ ಬಾಡಿಗೆ ಬೆಲೆ ಇದೆ, 2,000 ಎನ್ನೋಣ. ಮೂರು ಲಕ್ಷದ ಯಂತ್ರಗಳು ಹತ್ತು ವರ್ಷ ಬಾಳಿದರೆ ತಿಂಗಳಿಗೆ 2,500 ರೂಪಾಯಿಯ ಸವಕಳಿ. ಇವನ್ನು ಸೇರಿಸಿದರೆ ವೆಚ್ಚ 46,550 ರೂಪಾಯಿ. ಲಾಭವೆಂದು ಕಂಡದ್ದು ವಾಸ್ತವದಲ್ಲಿ 5,750 ರೂಪಾಯಿ ನಷ್ಟ. ಗಂಡಹೆಂಡಿರ ದುಡಿಮೆಗೆ ಇನ್ನೂ ಒಂದು ರೂಪಾಯಿಯನ್ನೂ ಹಾಕಿಲ್ಲ. ಈ ಕುಟುಂಬವು ರಾಗಿಯನ್ನು ಹಾಗೆಯೇ ಮಾರಿದ್ದರೆ ಹೆಚ್ಚು ಉಳಿಯುತ್ತಿತ್ತು, ಬಿಡುವೂ ಸಿಗುತ್ತಿತ್ತು. ಇಂಥ ಉದ್ದಿಮೆಗಳು ಎರಡು ಮೂರು ವರ್ಷ ನಡೆದು, ಯಂತ್ರ ಕೆಟ್ಟ ದಿನ ನಿಲ್ಲುತ್ತವೆ. ಹೊಸ ಯಂತ್ರಕ್ಕೆ ಹಣವನ್ನು ಯಾರೂ ತೆಗೆದಿಟ್ಟಿರುವುದಿಲ್ಲ.

ಅದೇ ಉದ್ದಿಮೆಯಲ್ಲಿ ಎರಡು ಬದಲಾವಣೆ ಮಾಡೋಣ. ಪೊಟ್ಟಣಗಳಲ್ಲಿ ಅರ್ಧವನ್ನು ಸಂತೆ, ಶಾಲೆ, ಪರಿಚಿತ ಮನೆಗಳಿಗೆ ನೇರವಾಗಿ 60 ರೂಪಾಯಿಗೆ ಮಾರುವುದು. ತಯಾರಿಕೆಯನ್ನು 10 ಕ್ವಿಂಟಾಲ್‌ಗೆ ಏರಿಸುವುದು. ಆದಾಯ 91,800 ರೂಪಾಯಿ. ರಾಗಿಗೆ 45,000, ಪೊಟ್ಟಣಕ್ಕೆ 8,500, ಕೂಲಿಗೆ 12,000, ವಿದ್ಯುತ್ತು-ಉರುವಲಿಗೆ 5,000, ಸಾಗಣೆಗೆ 4,000 ಆಗುತ್ತದೆ. ಆದರೆ ಬಾಡಿಗೆ, ಸವಕಳಿ, ಬಡ್ಡಿ ಮೊದಲಿನಷ್ಟೇ. ವೆಚ್ಚ 80,800, ಉಳಿಕೆ 11,000 ರೂಪಾಯಿ. ಇದೇ ಮಾಲೀಕರ ಸಂಬಳ. ಈ ಎರಡನೆಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 1,060 ಪೊಟ್ಟಣ ಮಾರಾಟವಾಗುವವರೆಗೂ ಮಾಲೀಕರು ಬೇರೆಯವರಿಗಾಗಿಯೇ ದುಡಿಯುತ್ತಿರುತ್ತಾರೆ. ತಮ್ಮ ಉದ್ದಿಮೆಯ ಈ ಸಮತೋಲನ ಬಿಂದು ಎಷ್ಟೆಂದು ಯಂತ್ರ ಕೊಳ್ಳುವ ಮುನ್ನವೇ ಲೆಕ್ಕ ಹಾಕಿ, ಅಷ್ಟು ಪೊಟ್ಟಣ ಕೊಳ್ಳುವವರು ಯಾರೆಂದು ಹೆಸರು ಹಿಡಿದು ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಪೊಟ್ಟಣಗಳೆಲ್ಲವೂ ಮಾರಾಟವಾದವು ಎಂದು ಭಾವಿಸಲಾಗಿದೆ. ಅವಧಿ ಮೀರಿ ಹಿಂದಿರುಗಿದ ಪೊಟ್ಟಣಗಳು ಇರುತ್ತವೆ, ಅವನ್ನು ಬೇರೆಯಾಗಿ ಕಳೆಯಬೇಕು.

ದುಡಿಯುವ ಬಂಡವಾಳ

ಲಾಭದಲ್ಲಿರುವ ಉದ್ದಿಮೆಯೂ ಕೈಯಲ್ಲಿ ಹಣವಿಲ್ಲದೆ ನಿಲ್ಲಬಹುದು. ಮೇಲಿನ ಲೆಕ್ಕದಲ್ಲಿ ಅಂಗಡಿಗಳಿಗೆ ತಿಂಗಳಿಗೆ 40,800 ರೂಪಾಯಿಯ ಸರಕು ಉದ್ರಿ ಹೋಗುತ್ತದೆ. ಹಣ 45 ದಿನಕ್ಕೆ ಬಂದರೆ ಸದಾ 61,200 ರೂಪಾಯಿ ಹೊರಗೇ ಇರುತ್ತದೆ. ಇದಲ್ಲದೆ ಸುಗ್ಗಿಯಲ್ಲಿ ಬೆಲೆ ಇಳಿದಾಗ ವರ್ಷಕ್ಕಾಗುವಷ್ಟು ರಾಗಿ ಕೊಂಡಿಡುವ ಆಸೆಯಿದ್ದರೆ, 120 ಕ್ವಿಂಟಾಲ್‌ಗೆ ಐದು ಲಕ್ಷಕ್ಕೂ ಮೀರಿ ಬೇಕು. ಯಂತ್ರಕ್ಕೆ ಸಾಲ ಸಿಕ್ಕಿತೆಂದು ಉತ್ಸಾಹದಿಂದ ಆರಂಭಿಸಿ, ಈ ಹಣಕ್ಕಾಗಿ ಊರಿನ ಬಡ್ಡಿ ಸಾಲಕ್ಕೆ ಕೈ ಚಾಚುವುದು ಸಾಮಾನ್ಯವಾದ ದಾರಿತಪ್ಪು. ಬ್ಯಾಂಕಿನಲ್ಲಿ ಅವಧಿ ಸಾಲದ ಜೊತೆಗೇ ದುಡಿಯುವ ಬಂಡವಾಳದ ಮಿತಿಯನ್ನೂ ಕೇಳತಕ್ಕದ್ದು.

ಉದ್ರಿ ವಸೂಲಿಗೆ ಕಾನೂನಿನ ಬೆಂಬಲವಿದೆ. ಉದ್ಯಮ್ ನೋಂದಣಿ ಪಡೆದ ಕಿರು ತಯಾರಕರಿಗೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯಂತೆ, ಕೊಂಡವರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ಬಡ್ಡಿ ಕೊಡಬೇಕಾಗುತ್ತದೆ. ಊರ ಅಂಗಡಿಯವನ ಮೇಲೆ ಯಾರೂ ಕಾಯ್ದೆ ಹೂಡುವುದಿಲ್ಲ ಎಂಬುದು ನಿಜ. ಪೇಟೆಯ ದೊಡ್ಡ ಮಳಿಗೆಗೆ ಸರಕು ಕೊಡುವವರಿಗೆ ಇದು ಉಪಯುಕ್ತ.

ನೋಂದಣಿ, ಸಾಲ ಮತ್ತು ಸಹಾಯಧನ

ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಯಿಂದ ಉಚಿತವಾಗಿ ಆಗುತ್ತದೆ. ಇದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಬೇಕು. ಆಹಾರ ಸುರಕ್ಷತಾ ನೋಂದಣಿಯಿಲ್ಲದೆ ಒಂದು ಪೊಟ್ಟಣವನ್ನೂ ಮಾರುವಂತಿಲ್ಲ. ಸಣ್ಣ ವಹಿವಾಟಿಗೆ ಮೂಲ ನೋಂದಣಿ ಸಾಕು, ಮಿತಿ ಮೀರಿದರೆ ಪರವಾನಗಿ ಬೇಕು. ಅದರ 14 ಅಂಕಿಗಳ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ತಂಡದ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ತಯಾರಕರ ವಿಳಾಸ ಇವು ಚೀಟಿಯ ಮೇಲೆ ಇರಲೇಬೇಕು. ಸಾವಿರಗಟ್ಟಲೆ ಪೊಟ್ಟಣ ಮುದ್ರಿಸಿದ ಮೇಲೆ ತಪ್ಪು ಕಂಡರೆ ಅಷ್ಟೂ ರದ್ದಿ. ಆದ್ದರಿಂದ ಕರಡನ್ನು ಮೊದಲೇ ಬಲ್ಲವರಿಗೆ ತೋರಿಸುವುದು ಲೇಸು.

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯು 2020ರಲ್ಲಿ ಆರಂಭವಾಯಿತು. ಯೋಜನೆಯ ಸಹಾಯಧನ ಯೋಜನಾ ವೆಚ್ಚದ ಶೇಕಡಾ 35, ಗರಿಷ್ಠ 10 ಲಕ್ಷ ರೂಪಾಯಿ. ಕರ್ನಾಟಕ ಸರ್ಕಾರ ಇದರ ಮೇಲೆ ಶೇಕಡಾ 15 ಸೇರಿಸಿದೆ. ರಾಜ್ಯದಲ್ಲಿ ಇದನ್ನು ಕೆಪೆಕ್ ಸಂಸ್ಥೆ ನಿರ್ವಹಿಸುತ್ತದೆ. ಅರ್ಜಿ ಹಾಕುವ ಮುನ್ನ ಯೋಜನೆಯ ಸದ್ಯದ ಅವಧಿ ಮತ್ತು ನಿಯಮಗಳನ್ನು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಂದ ತಿಳಿದುಕೊಳ್ಳಬೇಕು. ಸಹಾಯಧನ ಕೈಗೆ ಬರುವ ನಗದಲ್ಲ. ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಮೂರು ವರ್ಷ ಇದ್ದು, ಕಂತುಗಳು ಸರಿಯಾಗಿ ಸಂದಾಯವಾಗಿದ್ದರೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಸಹಾಯಧನಕ್ಕಾಗಿಯೇ ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಳ್ಳುವುದು ಅರ್ಧ ಬೆಲೆಗೆ ಸಿಗುತ್ತದೆಂದು ಆನೆ ಕಟ್ಟಿದಂತೆ.

ಯಾರ ಹೆಸರಿನಲ್ಲಿ?

ಏಕವ್ಯಕ್ತಿ ಮಾಲೀಕತ್ವದಲ್ಲಿ ಉದ್ದಿಮೆಯ ಸಾಲಕ್ಕೂ ಮಾಲೀಕರ ಸ್ವಂತ ಆಸ್ತಿಗೂ ನಡುವೆ ಗೋಡೆಯಿಲ್ಲ. ಉದ್ದಿಮೆ ಮುಳುಗಿದರೆ ಹೊಲ, ಮನೆಯೂ ಹೊಣೆಗೆ ಸಿಕ್ಕುತ್ತವೆ. ಪಾಲುದಾರಿಕೆಯಲ್ಲೂ ಹೀಗೆಯೇ, ಒಬ್ಬ ಪಾಲುದಾರ ಉದ್ದಿಮೆಯ ಹೆಸರಿನಲ್ಲಿ ಮಾಡಿದ ಸಾಲ ಉಳಿದವರಿಗೂ ಅಂಟುತ್ತದೆ. ರೈತ ಉತ್ಪಾದಕ ಕಂಪನಿಯಲ್ಲಿ ಸದಸ್ಯರ ಹೊಣೆ ಅವರ ಷೇರಿನ ಮಟ್ಟಕ್ಕೆ ಸೀಮಿತ. ಕಿರು ಉದ್ದಿಮೆಗಳಿಗೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಪಹಣಿ ತನ್ನಿ ಎಂದೊಡನೆ ಜಮೀನು ಬರೆದುಕೊಡುವ ಮುನ್ನ ಈ ವಿಷಯವನ್ನು ಬ್ಯಾಂಕಿನ ವ್ಯವಸ್ಥಾಪಕರೊಡನೆ ವಿನಯವಾಗಿ, ಆದರೆ ಸ್ಪಷ್ಟವಾಗಿ ಪ್ರಸ್ತಾಪಿಸಬೇಕು.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುರಿಯುವುದು, ಪೊಟ್ಟಣ ಕಟ್ಟುವುದು ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲೇ ನಡೆಯುತ್ತದೆ. ನೋಂದಣಿ, ಖಾತೆ, ಸಾಲ ಮಾತ್ರ ಗಂಡಸರ ಹೆಸರಿನಲ್ಲಿ. ದುಡಿಯುವವರ ಹೆಸರು ಕಾಗದದಲ್ಲಿ ಇಲ್ಲದಿದ್ದರೆ ಅವರು ಮಾಲೀಕರಲ್ಲ, ಸಂಬಳವಿಲ್ಲದ ಆಳು. ಅರ್ಜಿ ತುಂಬುವ ದಿನವೇ ಇದನ್ನು ಕುಟುಂಬದ ಮುಂದಿಡುವುದು ಸೂಕ್ತ. ಆನಂತರ ಬದಲಿಸುವುದು ಕಷ್ಟ.

ಪುಸ್ತಕ

ಉದ್ದಿಮೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಮನೆಯ ಮದುವೆಗೆ ಅದರಿಂದ ಹಣ ತೆಗೆದರೆ ಸಾಲವೆಂದೇ ಬರೆದಿಡಬೇಕು. ಒಂದೇ ಉದ್ದನೆಯ ಪುಸ್ತಕ ಸಾಕು: ದಿನಾಂಕ, ಬಂದದ್ದು, ಹೋದದ್ದು, ಉದ್ರಿ, ಉಳಿದ ಸರಕು. ಮಾಲೀಕರ ಕೂಲಿಯನ್ನೂ ಪ್ರತಿ ತಿಂಗಳು ಅಲ್ಲೇ ಕಾಣಿಸಬೇಕು, ಕೊಡಲು ಆಗದಿದ್ದರೂ. ಸತತ ಆರು ತಿಂಗಳು ಆ ಕೂಲಿ ಬಾಕಿಯೇ ಉಳಿದಿದ್ದರೆ ಬೆಲೆ, ಪ್ರಮಾಣ, ಮಾರಾಟದ ದಾರಿ ಇವುಗಳಲ್ಲಿ ಯಾವುದನ್ನು ಬದಲಿಸಬಹುದೆಂದು ಪರಿಶೀಲಿಸಬೇಕು. ಯಾವುದೂ ಸಾಧ್ಯವಿಲ್ಲವಾದರೆ ಯಂತ್ರಕ್ಕೆ ಇನ್ನೂ ಬೆಲೆಯಿರುವಾಗಲೇ ಅದನ್ನು ಮಾರಿ ಸಾಲ ತೀರಿಸುವುದು ಅವಮಾನವಲ್ಲ.

ಪುಸ್ತಕ ಬರೆಯುವ ಕ್ರಮ ಮತ್ತು ಮೊಳಕೆ ಹಿಟ್ಟಿನ ತಯಾರಿಕೆಯ ತರಬೇತಿಗಾಗಿ ಆಸಕ್ತರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ತಮ್ಮ ಊರಿನ ದರಗಳನ್ನು ಹಾಕಿದ ಮೇಲಿನ ಲೆಕ್ಕವನ್ನು ಬರೆದು ಕೊಂಡೊಯ್ದರೆ ಚರ್ಚೆಗೆ ಅನುಕೂಲ.