ಬಣ್ಣದ ತಿನಿಸು, ಬಾಲಮನಸ್ಸು ಮತ್ತು ಶ್ರಾವಕನ ತಕ್ಕಡಿ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಇವು ನಾಲ್ಕು. ಐದನೆಯದನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪ್ರತಿರೂಪಕವ್ಯವಹಾರವೆಂದೂ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸದೃಶಸನ್ಮಿಶ್ರವೆಂದೂ ಕರೆದರು. ಉತ್ತಮ ಪದಾರ್ಥದಂತೆಯೇ ತೋರುವ ಹೀನ ಪದಾರ್ಥವನ್ನು ಬೆರೆಸಿ, ಅದನ್ನೇ ಉತ್ತಮವೆಂದು ಮಾರುವುದು ಇದರ ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರವೂ ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಗಳಲ್ಲಿ ಇಂಥ ಬೆರಕೆ ಮಾಡಿದವನಿಗೆ 12 ಪಣಗಳ ದಂಡವನ್ನು ವಿಧಿಸಿದೆ. ರಾಜನ ದಂಡ ಸಿಕ್ಕಿಬಿದ್ದವನಿಗೆ ಮಾತ್ರ. ವ್ರತದ ದೋಷವಾದರೋ ಯಾರೂ ನೋಡದಿದ್ದಾಗಲೂ ತಟ್ಟುತ್ತದೆ.

ಈ ಅತಿಚಾರದ ವಿಚಾರ ಕಲ್ಯಾಣ ಕರ್ನಾಟಕದ ಜೈನರಿಗೆ ಹೊಸದಲ್ಲ. ಸುರಪುರ ತಾಲೂಕಿನ ಕಕ್ಕೇರಾದಿಂದ ಈಶಾನ್ಯಕ್ಕೆ, ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿ, ಅದರಲ್ಲಿ ಮಿಶ್ರಕವ್ಯವಹಾರವೆಂಬ ಒಂದು ಪ್ರಕರಣವನ್ನೇ ಇಟ್ಟರು. ಬಂಗಾರದ ಬೆರಕೆಯನ್ನು ಲೆಕ್ಕ ಹಾಕುವ ವಿಧಾನ ಅಲ್ಲಿದೆ. ಬಂಗಾರದ ಶುದ್ಧತೆಯ ಮಾನಕ್ಕೆ ಅವರು ಬಳಸಿದ ಶಬ್ದ ವರ್ಣ. ಬಣ್ಣವೆಂದರೆ ಆಗ ಶುದ್ಧತೆಯ ಗುರುತು. ಅದೇ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದು, ಹಿತಾಹಿತಾಧ್ಯಾಯದಲ್ಲಿ ಔಷಧಕ್ಕಾಗಿಯೂ ಮಾಂಸ ಬೇಡವೆಂದು ವಾದಿಸಿದರು. ಆಹಾರದ ಹಿತಾಹಿತವನ್ನು ನಾಲಗೆಯೊಂದಕ್ಕೇ ಬಿಡದೆ ವಿವೇಕದಿಂದ ನಿರ್ಣಯಿಸಬೇಕೆಂಬುದು ಆ ಪರಂಪರೆಯ ಪಾಠ. ಇಂದು ಬಣ್ಣವು ಶುದ್ಧತೆಯ ಗುರುತಾಗಿ ಉಳಿಯದೆ ಮೋಸದ ಮುಸುಕಾಗಿರುವಾಗ, ಆ ಪಾಠವನ್ನು ಮಕ್ಕಳ ತಿನಿಸಿನ ವಿಷಯದಲ್ಲಿ ಮತ್ತೆ ಓದಬೇಕಾಗಿದೆ.

ಮಕ್ಕಳ ಮಿಠಾಯಿಗೆ ವಿಷದ ಬಣ್ಣ ಸೇರಿದ ಕಥೆ ಕೃತಕ ಬಣ್ಣಗಳಿಗಿಂತ ಹಳೆಯದು. 1820ರಲ್ಲಿ ಫ್ರೆಡರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞ ಲಂಡನ್ನಿನಲ್ಲಿ ಆಹಾರದ ಕಲಬೆರಕೆಯ ಕುರಿತು ಗ್ರಂಥ ಪ್ರಕಟಿಸಿ, ಮಿಠಾಯಿಗಳಲ್ಲಿ ಸೀಸ ಮತ್ತು ತಾಮ್ರದ ಬಣ್ಣಗಳಿರುವುದನ್ನು ತೋರಿಸಿದನು. 1830ರ ಸುಮಾರಿಗೆ ವಿಲಿಯಂ ಓಶಾಗ್ನೆಸಿ ಎಂಬ ತರುಣ ವೈದ್ಯನೂ ಲಂಡನ್ನಿನ ಬಣ್ಣದ ಮಿಠಾಯಿಗಳನ್ನು ಪರೀಕ್ಷಿಸಿ ಇದನ್ನೇ ಕಂಡನು. ಮುಂದೆ ಭಾರತಕ್ಕೆ ಬಂದು ತಂತಿ ಸಮಾಚಾರದ ವ್ಯವಸ್ಥೆಯನ್ನು ಕಟ್ಟಿದವನು ಇವನೇ. 1856ರಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟು, ಕಲ್ಲಿದ್ದಲ ಡಾಂಬರಿನಿಂದ ಬಂದ ವಸ್ತುವಿನಲ್ಲಿ ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಕಂಡನು. ಅಲ್ಲಿಂದ ಕೃತಕ ಬಣ್ಣಗಳ ಪ್ರವಾಹವೇ ಹರಿಯಿತು. ಬಟ್ಟೆಗೆಂದು ಹುಟ್ಟಿದ ಈ ಬಣ್ಣಗಳು ಅಗ್ಗವಾಗಿದ್ದವು, ಮಾಸುತ್ತಿರಲಿಲ್ಲ, ಚಿಟಿಕೆಯಷ್ಟು ಸಾಕಾಗುತ್ತಿತ್ತು. ಆದ್ದರಿಂದ ಬೆಣ್ಣೆಗೂ ಮಿಠಾಯಿಗೂ ಬಂದವು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಟಾರ್ಟ್ರಜೀನ್ ಎಂಬ ಹಳದಿ 1884ರದು.

ಅಮೆರಿಕವು 1906ರಲ್ಲಿ ಶುದ್ಧ ಆಹಾರದ ಕಾಯ್ದೆ ಮಾಡಿ, ಮರುವರ್ಷ ಏಳು ಬಣ್ಣಗಳನ್ನು ಮಾತ್ರ ಆಹಾರಕ್ಕೆ ಯೋಗ್ಯವೆಂದು ಪಟ್ಟಿ ಮಾಡಿತು. ಆದರೆ ಪಟ್ಟಿಯಲ್ಲಿದ್ದುದೆಲ್ಲ ನಿರ್ದೋಷಿಯೆಂದು ಕಾಲ ಒಪ್ಪಲಿಲ್ಲ. ಆ ಏಳರಲ್ಲಿ ಒಂದಾದ ಕಿತ್ತಳೆ ಬಣ್ಣ ಸೇರಿದ ಮಿಠಾಯಿ ತಿಂದು 1950ರಲ್ಲಿ ಅಲ್ಲಿಯ ಮಕ್ಕಳು ಹೊಟ್ಟೆಯ ಬೇನೆಗೆ ಗುರಿಯಾದರು. ಕೆಲವೇ ವರ್ಷಗಳಲ್ಲಿ ಆ ಬಣ್ಣ ಆಹಾರದಿಂದ ಹೊರಬಿತ್ತು. ಅಮರಾಂತ್ ಎಂಬ ಕೆಂಪು 1976ರಲ್ಲಿ ನಿಷೇಧಕ್ಕೆ ಒಳಗಾಯಿತು. ಎರಿತ್ರೋಸಿನ್ ಎಂಬ ಇನ್ನೊಂದು ಕೆಂಪಿಗೆ ಆಹಾರದಲ್ಲಿದ್ದ ಅನುಮತಿಯನ್ನು 2025ರ ಜನವರಿಯಲ್ಲಿ ರದ್ದುಪಡಿಸಿ, ತಯಾರಕರಿಗೆ 2027ರ ಜನವರಿಯವರೆಗೆ ಕಾಲಾವಕಾಶ ಕೊಡಲಾಯಿತು. ಇಂದಿನ ಅನುಮತಿ ನಾಳಿನ ನಿಷೇಧವಾಗಬಹುದೆಂಬುದಕ್ಕೆ ಇವು ನಿದರ್ಶನಗಳು.

ಇವೆಲ್ಲ ದೇಹದ ಮಾತಾಯಿತು. ಬಣ್ಣವು ಮಗುವಿನ ಮನಸ್ಸನ್ನೂ ಕಲಕಬಹುದೆಂಬ ಮಾತನ್ನು ಪ್ರಬಲವಾಗಿ ಎತ್ತಿದವರು ಸಾನ್‌ಫ್ರಾನ್ಸಿಸ್ಕೋದ ಮಕ್ಕಳ ಅಲರ್ಜಿ ತಜ್ಞ ಡಾ. ಬೆನ್ ಫೈನ್‌ಗೋಲ್ಡ್. ಒಂದೆಡೆ ಕೂಡಲಾರದ, ಪಾಠದಲ್ಲಿ ಚಿತ್ತ ನಿಲ್ಲದ, ಅಕಾರಣ ಸಿಡುಕುವ ಕೆಲವು ಮಕ್ಕಳು ಕೃತಕ ಬಣ್ಣ ಮತ್ತು ಪರಿಮಳಗಳನ್ನು ಬಿಟ್ಟಾಗ ಶಾಂತರಾದರೆಂದು ಅವರು 1973ರಲ್ಲಿ ವೈದ್ಯರ ಸಭೆಯ ಮುಂದೆ ಹೇಳಿದರು. 1975ರಲ್ಲಿ ಪುಸ್ತಕವನ್ನೂ ಬರೆದರು. ತಾಯಂದಿರು ನಂಬಿದರು, ವಿದ್ವಾಂಸರು ಸಂದೇಹಪಟ್ಟರು. ಸಂದೇಹವೂ ಅಕಾರಣವಾಗಿರಲಿಲ್ಲ. ಬಣ್ಣ ಬಿಡಿಸಿದ್ದೇವೆಂದು ತಿಳಿದಿರುವ ತಾಯಿಗೆ ಮಗು ಶಾಂತವಾಗಿ ತೋರುವುದು ಸಹಜ. ಆದ್ದರಿಂದ ಬಣ್ಣ ಯಾವ ಲೋಟದಲ್ಲಿದೆಯೆಂಬುದು ಕೊಡುವವರಿಗೂ ಕುಡಿಯುವವರಿಗೂ ತಿಳಿಯದಂತೆ ಪರೀಕ್ಷೆಗಳನ್ನು ನಡೆಸಲಾಯಿತು. ಅಂಥ 15 ಪರೀಕ್ಷೆಗಳನ್ನು 2004ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪರಿಣಾಮ ಚಿಕ್ಕದಾದರೂ ಇದೆಯೆಂದು ಕಂಡುಬಂತು.

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಪರೀಕ್ಷೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ವರ್ಷದ 153 ಹಾಗೂ ಎಂಟು ಒಂಬತ್ತು ವರ್ಷದ 144 ಮಕ್ಕಳು ಅದರಲ್ಲಿದ್ದರು. ಇವರು ರೋಗಿಗಳಲ್ಲ, ಸಾಮಾನ್ಯ ಮಕ್ಕಳು. ಬಣ್ಣಗಳನ್ನೂ ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕವನ್ನೂ ಬೆರೆಸಿದ ಪಾನೀಯ ಕುಡಿದ ವಾರಗಳಲ್ಲಿ ಚಂಚಲತೆ ಸರಾಸರಿಯಲ್ಲಿ ಸ್ವಲ್ಪ ಏರಿತು. ಇದರ ಫಲವಾಗಿ ಯುರೋಪಿನ ಒಕ್ಕೂಟವು 2010ರ ಜುಲೈ 20ರಿಂದ, ಆ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಗೆ ಬಾಧಕವಾಗಬಹುದೆಂಬ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಅನೇಕ ತಯಾರಕರು ಎಚ್ಚರಿಕೆ ಅಚ್ಚು ಹಾಕುವುದಕ್ಕಿಂತ ಬಣ್ಣವನ್ನೇ ಬಿಡುವುದು ಲೇಸೆಂದು ಬಗೆದರು. ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಈ ವಿಷಯದ ಎಲ್ಲ ಪ್ರಮಾಣಗಳನ್ನು ಪರಿಶೀಲಿಸಿ, 2024ರಲ್ಲಿ ಕಾನೂನು ಮಾಡಿತು. 2027ರ ಡಿಸೆಂಬರ್ 31ರಿಂದ ಅಲ್ಲಿಯ ಸರಕಾರಿ ಶಾಲೆಗಳ ಊಟದಲ್ಲಿ ಆರು ಕೃತಕ ಬಣ್ಣಗಳು ಇರಕೂಡದು.

ಇಲ್ಲಿ ಅನೇಕಾಂತದೃಷ್ಟಿ ಅಗತ್ಯ. ಬಣ್ಣವೇ ಚಂಚಲತೆಗೆ ಕಾರಣವೆಂದರೆ ಅದು ಏಕಾಂತ. ಬಣ್ಣಕ್ಕೂ ಮನಸ್ಸಿಗೂ ಸಂಬಂಧವಿಲ್ಲವೆಂದರೆ ಅದೂ ಏಕಾಂತ. ಕೆಲವು ಮಕ್ಕಳಿಗೆ, ಕೆಲವು ಪ್ರಮಾಣದಲ್ಲಿ, ಕೆಲವು ಬಣ್ಣಗಳು ಬಾಧಿಸುತ್ತವೆ ಎಂಬುದೇ ಇದುವರೆಗಿನ ಪ್ರಮಾಣಕ್ಕೆ ಒಪ್ಪುವ ಮಾತು. ಶರೀರದಲ್ಲಿ ಹಿಸ್ಟಮೀನ್ ಎಂಬ ದ್ರವ್ಯವನ್ನು ಕರಗಿಸುವ ಶಕ್ತಿ ಹುಟ್ಟಿನಿಂದಲೇ ಮಗುವಿನಿಂದ ಮಗುವಿಗೆ ಬೇರೆಯಾಗಿರುವುದು ಇದಕ್ಕೆ ಒಂದು ಕಾರಣವಿರಬಹುದೆಂದು 2010ರ ಸಂಶೋಧನೆ ಸೂಚಿಸಿತು. ಚಂಚಲತೆಗೆ ವಂಶ, ನಿದ್ರೆ, ಮನೆಯ ವಾತಾವರಣ ಮೊದಲಾದ ಬೇರೆ ಕಾರಣಗಳೂ ಇವೆ.

ಭಾರತದ ಸ್ಥಿತಿಯನ್ನು ವ್ಯಾಪಾರಿಯ ಲೆಕ್ಕದಿಂದಲೇ ನೋಡಬಹುದು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದರಡಿಯ 2011ರ ನಿಯಮಾವಳಿ ಎಂಟು ಕೃತಕ ಬಣ್ಣಗಳಿಗೆ, ನಿರ್ದಿಷ್ಟ ತಿನಿಸುಗಳಲ್ಲಿ, ಸಾಮಾನ್ಯವಾಗಿ ಕಿಲೋಗ್ರಾಮಿಗೆ 100 ಮಿಲಿಗ್ರಾಂ ಮೀರದಂತೆ ಅನುಮತಿ ಕೊಟ್ಟಿತು. ಸೌತಾಂಪ್ಟನ್ನಿನ ಮೊದಲ ಮಿಶ್ರಣದಲ್ಲಿದ್ದ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಪಾನ್ಸೋ 4ಆರ್ ಈ ನಾಲ್ಕೂ ಆ ಎಂಟರಲ್ಲಿವೆ. ಮೂರು ವರ್ಷದ ಮಗುವಿಗೆ ಅಲ್ಲಿ ಕೊಟ್ಟ ಬಣ್ಣ ದಿನಕ್ಕೆ 20 ಮಿಲಿಗ್ರಾಂ. ಕಾನೂನಿನ ಮಿತಿಯಲ್ಲೇ ತಯಾರಾದ 200 ಗ್ರಾಂ ಮಿಠಾಯಿಯಲ್ಲಿ ಅಷ್ಟೇ ಬಣ್ಣವಿರಬಹುದು. ಅಂದರೆ ಕಾನೂನನ್ನು ಪಾಲಿಸಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ಕಾನೂನನ್ನೇ ಪಾಲಿಸದಿದ್ದಾಗ ಏನಾಗುತ್ತದೆಂಬುದನ್ನು ಕರ್ನಾಟಕ 2024ರಲ್ಲಿ ಕಂಡಿತು. ರಾಜ್ಯದ ಆರೋಗ್ಯ ಇಲಾಖೆ ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ತಿಳಿದುಬಂತು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಈ ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಗೆ ನಿಷೇಧವನ್ನು ಪ್ರಕಟಿಸಿದರು. ಮೀರಿದವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ, 10 ಲಕ್ಷ ರೂಪಾಯಿಯವರೆಗೆ ದಂಡ. ಸಿಕ್ಕ ಬಣ್ಣಗಳಲ್ಲಿ ರೋಡಮಿನ್ ಬಿ ಮುಖ್ಯವಾದುದು. ಬಟ್ಟೆ, ಕಾಗದಗಳಿಗೆ ಬಳಸುವ ಈ ಗುಲಾಬಿ ಬಣ್ಣಕ್ಕೆ ಆಹಾರದಲ್ಲಿ ಸ್ಥಾನವೇ ಇಲ್ಲ. ಈ ನಿಷೇಧದ ಹಿಂದಿದ್ದುದು ಮಕ್ಕಳ ನಡವಳಿಕೆಯ ಚಿಂತೆಯಲ್ಲ, ವಿಷದ ಮತ್ತು ಕ್ಯಾನ್ಸರಿನ ಭೀತಿ ಎಂಬುದನ್ನು ಮರೆಯಬಾರದು. ಆದರೂ ಆ ಗುಲಾಬಿ ಮಿಠಾಯಿಯನ್ನು ಕೈಯಲ್ಲಿ ಹಿಡಿದವರು ಬಹುಪಾಲು ಮಕ್ಕಳೇ.

ಕಕ್ಕೇರಾದಂಥ ಊರಿಗೆ ಈ ಮಾತು ದೂರದ್ದಲ್ಲ. ಸೋಮನಾಥ ದೇವರ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಸಾಲು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಗೊಂಬೆ, ಸಂಕ್ರಾಂತಿಗೆ ಕುಸುರೆಳ್ಳು ಇವು ಈ ನಾಡಿನ ಮಕ್ಕಳ ಸಂತೋಷಗಳು. ಕುಸುರೆಳ್ಳು ಬೆಳ್ಳಗಿದ್ದರೂ ಕುಸುರೆಳ್ಳೇ. ಆರತಿಯ ಗೊಂಬೆ ಬಿಳಿಯದಾದರೂ ಹಬ್ಬಕ್ಕೆ ಕೊರತೆಯಿಲ್ಲ. ಅದಕ್ಕೆ ಹಸಿರು, ಗುಲಾಬಿ ಬಣ್ಣ ಹಾಕುವುದು ರುಚಿಗೂ ಅಲ್ಲ, ಪುಷ್ಟಿಗೂ ಅಲ್ಲ. ಪ್ರಯೋಜನವಿಲ್ಲದೆ ಮಾಡುವ ಬಾಧೆಗೆ ಶಾಸ್ತ್ರದಲ್ಲಿ ಅನರ್ಥದಂಡವೆಂದು ಹೆಸರು. ಇನ್ನು ಕೇಸರಿಯಿಲ್ಲದ ಲಾಡುವಿಗೆ ಕೇಸರಿಯ ಹೊಳಪು ಕೊಟ್ಟು, ಕೇಸರಿಯುಕ್ತವೆಂಬ ಭ್ರಮೆ ಹುಟ್ಟಿಸಿ ಮಾರಿದರೆ ಅದು ನೇರವಾಗಿ ಪ್ರತಿರೂಪಕವ್ಯವಹಾರವೇ. ಗಿರಾಕಿಗಳೇ ಬಣ್ಣ ಕೇಳುತ್ತಾರೆಂದು ಅಂಗಡಿಯವರು ಹೇಳುವುದುಂಟು. ಮಾತು ನಿಜವಿರಬಹುದು, ಆದರೆ ಕೇಳುವ ಗಿರಾಕಿ ಐದು ವರ್ಷದ ಮಗುವಾಗಿದ್ದಾಗ ಆ ಉತ್ತರ ವ್ರತಿಗೆ ಶೋಭಿಸದು.

ಕೃತಕ ಬೇಡವಾದರೆ ನೈಸರ್ಗಿಕವೆಲ್ಲ ಗ್ರಾಹ್ಯವೆಂದೂ ತಿಳಿಯಲಾಗದು. ಲೋಕದಲ್ಲಿ ನೈಸರ್ಗಿಕವೆಂದು ಹೊಗಳಿಸಿಕೊಳ್ಳುವ ಕಾರ್ಮೈನ್ ಎಂಬ ಕೆಂಪು, ಕೊಚಿನಿಯಲ್ ಕೀಟಗಳನ್ನು ಕೊಂದು ಒಣಗಿಸಿ ತೆಗೆದದ್ದು. ಪೊಟ್ಟಣದ ಮೇಲೆ ಅದರ ಸಂಖ್ಯೆ 120. ಮಿಠಾಯಿಗೆ ಹೊಳಪು ಕೊಡುವ ಶೆಲ್ಲಾಕ್ ಅರಗಿನ ಹುಳುವಿನದು. ಅದರ ಸಂಖ್ಯೆ 904. 162 ಎಂದಿದ್ದರೆ ಅದು ಬೀಟ್‌ರೂಟಿನದು. ಕಂದಮೂಲ ವರ್ಜಿಸಿದವರಿಗೆ ಅದೂ ಸಲ್ಲದು. ಕೃತಕ ಬಣ್ಣದಲ್ಲಿ ಕೀಟವಿಲ್ಲ, ಕೀಟದ ಬಣ್ಣದಲ್ಲಿ ಡಾಂಬರಿಲ್ಲ. ಶ್ರಾವಕನಿಗೆ ಎರಡೂ ಬೇಡ. ಒಣಗಿದ ಅರಿಸಿನ, ನಿಜವಾದ ಕೇಸರಿ, ದಾಳಿಂಬೆ, ಕೋಕಂ ಇಷ್ಟರಿಂದ ಬಂದಷ್ಟು ಬಣ್ಣ ಸಾಕು. ಅದೂ ಇಲ್ಲದಿದ್ದರೆ ಬಿಳಿಯ ಮಿಠಾಯಿಯೇ ಉತ್ತಮ.

ಬಸದಿಗಳ ಮತ್ತು ಮಂದಿರಗಳ ಟ್ರಸ್ಟುಗಳಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ದಶಲಕ್ಷಣ ಪರ್ವದಲ್ಲಿ, ಪರ್ಯುಷಣದಲ್ಲಿ, ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಮಕ್ಕಳ ಕೈಗೆ ಕೊಡುವ ಪ್ರಭಾವನೆಯ ಪೊಟ್ಟಣ ಧರ್ಮದ ಹೆಸರಿನಲ್ಲಿ ಕೊಡುವಂಥದು. ಅದರಲ್ಲಿ ಬಣ್ಣದ ಪೆಪ್ಪರ್‌ಮಿಂಟಿನ ಬದಲು ವಿಜಯಪುರದ ಒಣದ್ರಾಕ್ಷಿ, ಖರ್ಜೂರ, ಶೇಂಗಾ ಚಿಕ್ಕಿ ಇರಬಹುದು. ಬೂಂದಿ ಮಾಡುವ ಅಡುಗೆಯವರಿಗೆ ಬಣ್ಣ ಹಾಕಕೂಡದೆಂದು ಮುಂಗಡ ಕೊಡುವಾಗಲೇ ಹೇಳಬಹುದು. ಕೊಂಡ ಮಾಲಿನ ಪೊಟ್ಟಣದ ಮೇಲಿನ ಸಂಖ್ಯೆಗಳನ್ನು ಓದುವ ಕೆಲಸವನ್ನು ಒಬ್ಬ ಸದಸ್ಯರಿಗೆ ಒಪ್ಪಿಸಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ, ನಿರ್ಣಯವೊಂದು ಬೇಕು.

ಮನೆಗಳಲ್ಲಿಯೂ ಒಂದು ಮಾತು ನೆನಪಿರಲಿ. ಚಂಚಲನಾದ ಮಗುವನ್ನು ಹಟಮಾರಿಯೆಂದು ಹೊಡೆಯುವ ಮೊದಲು, ತಾಯಿಯ ಸಾಕಣೆಯನ್ನು ದೂರುವ ಮೊದಲು, ಅದು ಏನು ತಿನ್ನುತ್ತಿದೆಯೆಂದು ನೋಡಬೇಕು. ಮೂರು ವಾರ ಬಣ್ಣದ ತಿನಿಸು ಬಿಡಿಸಿ, ನಿದ್ರೆ, ಸಿಟ್ಟು, ಪಾಠದ ಲಕ್ಷ್ಯಗಳನ್ನು ದಿನವೂ ಬರೆದಿಟ್ಟರೆ ಅಂಗಡಿಯ ರೋಜುಕೀರ್ದಿಯಂತೆ ಲೆಕ್ಕ ಸ್ಪಷ್ಟವಾಗುತ್ತದೆ. ಭೇದ ಕಂಡರೆ ಒಳಿತು. ಕಾಣದಿದ್ದರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಪಥ್ಯವೊಂದನ್ನೇ ಹಿಡಿದು ಚಿಕಿತ್ಸೆಯನ್ನು ತಪ್ಪಿಸಿದರೆ ಅದೂ ಹಿಂಸೆಯೇ.

ತಕ್ಕಡಿಯ ಒಂದು ತಟ್ಟೆಯಲ್ಲಿ ಎರಡು ದಿನದ ಕಣ್ಣಿನ ಸುಖ, ನಾಲ್ಕು ಕಾಸಿನ ಲಾಭ. ಇನ್ನೊಂದರಲ್ಲಿ ಯಾವ ಮಗುವಿನದೋ ತಿಳಿಯದ ಮನಸ್ಸಿನ ನೆಮ್ಮದಿ. ಬಾಧೆ ಹತ್ತರಲ್ಲಿ ಒಂದು ಮಗುವಿಗೆ ಮಾತ್ರವೆಂದು ಇಟ್ಟುಕೊಂಡರೂ, ಆ ಒಂದು ಯಾರ ಮನೆಯದೆಂದು ಮಾರುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವಾಗ ಕೈ ತಡೆಯುವುದನ್ನೇ ಪೂರ್ವಜರು ಅಪ್ರಮಾದವೆಂದು ಕರೆದರು.