ಅನಿವಾರ್ಯತೆಗೆ ಕಾನೂನು ಕೊಡುವ ವಿನಾಯಿತಿ

ದೊಡ್ಡ ಅನಾಹುತ ತಪ್ಪಿಸಲು ಸಣ್ಣದೊಂದು ಅಪರಾಧ ಮಾಡಿದವರನ್ನು ಶಿಕ್ಷಿಸಬೇಕೆ? ಎರಡು ಶತಮಾನಗಳ ತೀರ್ಪುಗಳನ್ನು ಸಾಲಾಗಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಕುತ್ತು ಎಷ್ಟು ದೊಡ್ಡದು ಎಂದು ಕೇಳಿದರೆ ಸಾಲದು, ಅದರ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು.

1841ರಲ್ಲಿ ವಿಲಿಯಂ ಬ್ರೌನ್ ಎಂಬ ಹಡಗು ಅಟ್ಲಾಂಟಿಕ್‌ನಲ್ಲಿ ಹಿಮಬಂಡೆಗೆ ಬಡಿದು ಮುಳುಗಿತು. ಕಿಕ್ಕಿರಿದ ದೋಣಿಯನ್ನು ಹಗುರ ಮಾಡಲು ನಾವಿಕರು ಪ್ರಯಾಣಿಕರನ್ನು ನೀರಿಗೆ ತಳ್ಳಿದರು. ಮರುವರ್ಷ ಅಮೆರಿಕದ ನ್ಯಾಯಾಲಯ ನಾವಿಕ ಹೋಮ್ಸ್‌ಗೆ ಶಿಕ್ಷೆ ವಿಧಿಸಿತು. ದೋಣಿ ನಡೆಸಲು ಬೇಕಾದವರನ್ನು ಬಿಟ್ಟು ಉಳಿದ ನಾವಿಕರು ಪ್ರಯಾಣಿಕರಿಗಿಂತ ಮೊದಲು ತಮ್ಮ ಜೀವವನ್ನೇ ಒಡ್ಡಬೇಕಿತ್ತು ಎಂಬುದು ಅದರ ನಿಲುವು.

ಭಾರತದಲ್ಲಿ 1860ರ ದಂಡ ಸಂಹಿತೆಯ 81ನೇ ಕಲಂ ಈ ವಿನಾಯಿತಿಯನ್ನು ಬರಹಕ್ಕಿಳಿಸಿತು. ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ, ಬೇರೊಂದು ಹಾನಿ ತಡೆಯಲು ಮಾಡಿದ ಕೃತ್ಯ ಅಪರಾಧವಲ್ಲ. ಬೆಂಕಿ ಹರಡದಂತೆ ನಡುವಿನ ಮನೆಗಳನ್ನು ಕೆಡವುವುದು ಕಲಮೇ ಕೊಡುವ ಉದಾಹರಣೆ. ಆದರೆ 1868ರ ಬಾಂಬೆ ಪ್ರಕರಣದಲ್ಲಿ ಇದು ನೆರವಿಗೆ ಬರಲಿಲ್ಲ. ಹೆಂಡ ಕದಿಯುವವನನ್ನು ಹಿಡಿಯಲೆಂದು ಒಬ್ಬಾತ ಮಡಕೆಗಳಿಗೆ ಕಳ್ಳಿಹಾಲು ಬೆರೆಸಿಟ್ಟಿದ್ದ. ಆ ಹೆಂಡವನ್ನು ಕೊಂಡು ಕುಡಿದವರು ಏನೂ ಅರಿಯದ ಸೈನಿಕರು. ಆತ ತಪ್ಪಿತಸ್ಥನೆಂದೇ ತೀರ್ಪಾಯಿತು.

1884ರ ಮಿನ್ಯೊನೆಟ್ ಹಡಗಿನ ಪ್ರಕರಣ ಇಂಗ್ಲೆಂಡಿನಲ್ಲಿ ಗೆರೆಯನ್ನು ಗಟ್ಟಿಯಾಗಿ ಎಳೆಯಿತು. ಹಡಗು ಮುಳುಗಿದ ಮೇಲೆ ನಾಲ್ವರ ಪಾಲಿಗೆ ಇದ್ದದ್ದು ಟರ್ನಿಪ್ ಗಡ್ಡೆಯ ಎರಡು ಡಬ್ಬಿ, ಆಮೇಲೆ ಸಿಕ್ಕ ಒಂದು ಆಮೆ. ಆಗಾಗ ಹಿಡಿದ ಮಳೆನೀರು ಬಿಟ್ಟರೆ ಕುಡಿಯುವ ನೀರೇ ಇರಲಿಲ್ಲ. ಸುಮಾರು ಇಪ್ಪತ್ತು ದಿನಗಳ ನಂತರ ಡಡ್ಲಿ ಮತ್ತು ಸ್ಟೀಫನ್ಸ್ ನಿತ್ರಾಣನಾಗಿದ್ದ ಹದಿನೇಳರ ಹುಡುಗ ಪಾರ್ಕರ್‌ನನ್ನು ಕೊಂದು ತಿಂದರು. ಎಲ್ಲರಿಗಿಂತ ದುರ್ಬಲನೇ ಏಕೆ ಸಾಯಬೇಕಿತ್ತು ಎಂದು ಕೇಳಿದ ಲಾರ್ಡ್ ಕೋಲ್ರಿಜ್ ಅವರ ಪೀಠ ಇಬ್ಬರಿಗೂ ಮರಣದಂಡನೆ ವಿಧಿಸಿತು. ಅದು ಮುಂದೆ ಆರು ತಿಂಗಳ ಸೆರೆವಾಸಕ್ಕೆ ಇಳಿಯಿತು.

ಕೊಲೆ ತಪ್ಪೇ, ಆದರೂ ಆ ಸ್ಥಿತಿಯಲ್ಲಿದ್ದವರನ್ನು ಗಲ್ಲಿಗೇರಿಸಲು ಮನಸ್ಸು ಒಪ್ಪದು. ಈ ಇಕ್ಕಟ್ಟಿಗೆ 1975ರಲ್ಲಿ ಪರಿಷ್ಕೃತ ರೂಪದಲ್ಲಿ ಜಾರಿಗೆ ಬಂದ ಜರ್ಮನ್ ದಂಡ ಸಂಹಿತೆ ಎರಡು ಕಲಂಗಳಲ್ಲಿ ಉತ್ತರ ಕೊಟ್ಟಿತು. 34ನೆಯದು ಕೃತ್ಯವನ್ನೇ ಸರಿ ಎನ್ನುತ್ತದೆ. 35ನೆಯದು ಕೃತ್ಯವನ್ನು ತಪ್ಪೆಂದೇ ಉಳಿಸಿ, ಮಾಡಿದವನನ್ನು ಮನ್ನಿಸುತ್ತದೆ. ಮಿನ್ಯೊನೆಟ್ ಗೆರೆ ಎಳೆದಿದ್ದ ಇಂಗ್ಲೆಂಡಿನಲ್ಲೇ ನ್ಯಾಯಾಲಯ 2000ದಲ್ಲಿ ಸಯಾಮಿ ಅವಳಿಗಳ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟಿತು. ಬೇರ್ಪಡಿಸಿದರೆ ಒಂದು ಮಗು ಸಾಯುವುದು ಖಚಿತ, ಬೇರ್ಪಡಿಸದಿದ್ದರೆ ಎರಡೂ ಉಳಿಯುವಂತಿರಲಿಲ್ಲ.

ಬಡವರ ಅನಿವಾರ್ಯತೆಗೆ ಮಾತ್ರ ನ್ಯಾಯಾಲಯಗಳು ತಡವಾಗಿ ಕಿವಿಗೊಟ್ಟವು. ಖಾಲಿ ಮನೆಗಳಲ್ಲಿ ಆಶ್ರಯ ಪಡೆದ ಲಂಡನ್ನಿನ ನಿರಾಶ್ರಿತರ ವಾದವನ್ನು, 1971ರಲ್ಲಿ ವರದಿಯಾದ ತೀರ್ಪಿನಲ್ಲಿ ನ್ಯಾಯಾಧೀಶ ಲಾರ್ಡ್ ಡೆನಿಂಗ್ ಒಪ್ಪಲಿಲ್ಲ. ಆದರೆ 2016ರಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ, ಹಸಿವಿಗೆ ಗಿಣ್ಣು ಮತ್ತು ಸಾಸೇಜ್ ಕದ್ದ ನಿರ್ಗತಿಕನ ಶಿಕ್ಷೆ ರದ್ದುಪಡಿಸಿತು.

2024ರ ಜುಲೈ 1ರಿಂದ ನಮ್ಮಲ್ಲಿ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ ಹಳೆಯ 81ನ್ನೇ ಮುಂದುವರಿಸಿದೆ. ಹಾನಿ ಎಷ್ಟು ಸನ್ನಿಹಿತವಾಗಿತ್ತು ಎಂಬುದನ್ನು ಆಯಾ ಪ್ರಕರಣದ ಸಂಗತಿಗಳಿಂದಲೇ ಅಳೆಯಬೇಕೆಂದು ಅದು ಹೇಳುತ್ತದೆ. ಹಾಗೆ ಅಳೆಯುವಾಗ, ತನ್ನ ಉಳಿವಿಗಾಗಿ ದುರ್ಬಲನನ್ನು ಬಲಿಕೊಟ್ಟವನನ್ನೂ ಹಸಿವಿಗೆ ತುತ್ತು ಕದ್ದ ದುರ್ಬಲನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯವನ ವಿಷಯದಲ್ಲಿ ಕಾನೂನು ಬಿಗಿಯಾಗಿರಲಿ, ಎರಡನೆಯವನ ವಿಷಯದಲ್ಲಿ ಉದಾರವಾಗಲಿ.