ಸೀಡ್ ಮತ್ತು ಅಕ್ಸೀಡ್: ಎರಡು ಕ್ರಿಯಾಪದ, ಒಂದು ನಾಡಿನ ಕಥೆ

ಇಂಗ್ಲಿಷಿನ ‘ಸೀಡ್’ ಮತ್ತು ‘ಅಕ್ಸೀಡ್’ ಒಂದೇ ಲ್ಯಾಟಿನ್ ಧಾತುವಿನಿಂದ ಬಂದ ಕ್ರಿಯಾಪದಗಳು. (ಇದು ಬಿತ್ತುವ ಬೀಜದ ಸೀಡ್ ಅಲ್ಲ.) ಮೊದಲನೆಯದರ ಅರ್ಥ ಹಕ್ಕು ಬಿಟ್ಟುಕೊಡುವುದು, ಎರಡನೆಯದರದ್ದು ಕರಾರಿಗೆ ಒಪ್ಪಿ ಸೇರುವುದು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ವ್ಯಾಪಾರಿಯೊಬ್ಬ ತನ್ನ ಮಳಿಗೆಯನ್ನೇ ಬೇರೆಯವರಿಗೆ ಬರೆದುಕೊಟ್ಟರೆ ಅದು ಸೀಡ್. ಮಳಿಗೆ ತನ್ನದಾಗಿಯೇ ಇದ್ದು, ವರ್ತಕರ ಸಂಘದ ನಿಯಮಗಳಿಗೆ ಸಹಿ ಹಾಕಿದರೆ ಅದು ಅಕ್ಸೀಡ್.

ಈ ಭಾಗದ ಚರಿತ್ರೆಯಲ್ಲಿ ಎರಡೂ ಇವೆ. 1800ರಲ್ಲಿ ನಿಜಾಮ ಅಲಿ ಖಾನ್, ತನ್ನ ರಕ್ಷಣೆಗಿದ್ದ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅವುಗಳಿಗೆ ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂಬ ಹೆಸರೇ ನಿಂತಿತು. ಕಲಬುರಗಿ ನಿಜಾಮರಲ್ಲೇ ಉಳಿಯಿತು.

1947ರಲ್ಲಿ ಬಂದದ್ದು ಅಕ್ಸೀಡ್ ಪ್ರಶ್ನೆ. ಭಾರತವನ್ನು ಸೇರುವ ಸಂಸ್ಥಾನ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನಷ್ಟೇ ಕೇಂದ್ರಕ್ಕೆ ಒಪ್ಪಿಸಬೇಕಿತ್ತು, ಗಾದಿ ಅರಸರದ್ದೇ. ಮೈಸೂರಿನ ಜಯಚಾಮರಾಜ ಒಡೆಯರ್ ಆಗಸ್ಟ್‌ನಲ್ಲೇ ಸಹಿ ಹಾಕಿದರು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಾಕಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕಷ್ಟೇ ಒಪ್ಪಿದರು. ಆ ಒಂದು ಸಹಿ ಬೀಳದೆ ಕಲಬುರಗಿ, ಬೀದರ್, ರಾಯಚೂರಿನ ಜನ ರಜಾಕಾರರ ಹಾವಳಿಯ ನಡುವೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು.

ವ್ಯತ್ಯಾಸ ಎಷ್ಟೇ ಇದ್ದರೂ ಎರಡೂ ಕ್ರಿಯಾಪದಗಳಿಗೆ ಕರ್ತೃ ಅರಸನೇ. ಬಿಟ್ಟುಕೊಡುವಾಗಲೂ, ಸೇರಲು ಒಲ್ಲೆನೆಂದಾಗಲೂ ಪ್ರಜೆಗಳನ್ನು ಯಾರೂ ಕೇಳಲಿಲ್ಲ. 1800ರಲ್ಲಿ ಬೇರ್ಪಟ್ಟ ಬಳ್ಳಾರಿ, ಕಲಬುರಗಿಗಳು ಮತ್ತೆ ಒಂದೇ ಆಡಳಿತಕ್ಕೆ ಬಂದದ್ದು 1956ರ ನವೆಂಬರ್ 1ರಂದು, ಜನರಾಡುವ ಭಾಷೆಯ ಆಧಾರದ ಮೇಲೆ.